ಮನೆಗೆಲಸದ ದಿನ: ಪೂರ್ವ ಜರ್ಮನಿಯ ದುಡಿಯುವ ಮಹಿಳೆಯರು, ಏಕೀಕರಣದ ಮುನ್ನ ಮತ್ತು ನಂತರ

೧

ಸಮಾಜವಾದಿ ವ್ಯವಸ್ಥೆ ಕುಸಿದ ಮೇಲಿನ ಪೂರ್ವ ಯುರೋಪಿನ ಚರಿತ್ರೆಯನ್ನು ಸಾಮಾನ್ಯವಾಗಿ ಪಕ್ಷಗಳ, ಗಡಿಗಳ ಮತ್ತು ಖಾಸಗೀಕರಣದ ಚರಿತ್ರೆಯಾಗಿ ಬರೆಯುವುದು ರೂಢಿ. ಆದರೆ ಈ ಪಲ್ಲಟವು ಬಹು ಆಳವಾಗಿ ತಟ್ಟಿದ್ದು ದಿನದ ಹೊತ್ತನ್ನು ಕಾರ್ಖಾನೆಗೂ ಮನೆಗೂ ಹಂಚಿಕೊಂಡು ಬದುಕುತ್ತಿದ್ದ ಮಹಿಳೆಯರನ್ನು. ಅವರ ಪಾಲಿಗೆ ಪ್ರಭುತ್ವದ ಬದಲಾವಣೆಯೆಂದರೆ ಮಗುವನ್ನು ಬೆಳಿಗ್ಗೆ ಎಲ್ಲಿ ಬಿಡಬೇಕು, ಸಂಜೆ ಯಾರು ಕರೆತರಬೇಕು, ನಾಳೆಗೆ ಕೆಲಸ ಉಳಿದಿರುತ್ತದೆಯೇ ಎಂಬ ಪ್ರಶ್ನೆಗಳ ಬದಲಾವಣೆಯೇ ಆಗಿತ್ತು. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯದ, ಅಂದರೆ ವಾಡಿಕೆಯ ಮಾತಿನಲ್ಲಿ ಪೂರ್ವ ಜರ್ಮನಿಯ, ನಿದರ್ಶನದ ಮೂಲಕ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ನಿದರ್ಶನವನ್ನೇ ಆರಿಸಿಕೊಳ್ಳಲು ಕಾರಣವುಂಟು. ಪೋಲೆಂಡ್, ಹಂಗೆರಿ, ರಷ್ಯಾ ಮೊದಲಾದ ದೇಶಗಳು ೧೯೮೯ರ ನಂತರ ತಮ್ಮ ತಮ್ಮ ಕಾನೂನುಗಳನ್ನು ತಾವೇ ಒಂದೊಂದಾಗಿ ತಿದ್ದಿಕೊಂಡವು. ಪೂರ್ವ ಜರ್ಮನಿಯಲ್ಲಾದರೋ ೧೯೯೦ರ ಅಕ್ಟೋಬರ್ ೩ರಂದು ಒಂದು ರಾಜ್ಯವೇ ಇಲ್ಲವಾಗಿ, ಮತ್ತೊಂದು ರಾಜ್ಯದ ಕಾನೂನು ಕೆಲವೇ ವಿನಾಯಿತಿಗಳೊಡನೆ ಇಡಿಯಾಗಿ ಜಾರಿಗೆ ಬಂದಿತು. ಒಂದೇ ಭಾಷೆಯನ್ನಾಡುವ ಜನ, ೧೯೪೫ರವರೆಗೆ ಒಂದೇ ಚರಿತ್ರೆ, ಆಮೇಲೆ ನಾಲ್ಕು ದಶಕಗಳ ಕಾಲ ಎರಡು ದಾರಿ, ಮತ್ತೆ ಒಂದೇ ರಾಜ್ಯ. ಯಾವುದು ಕಾನೂನಿನಿಂದ ಬಂದದ್ದು, ಯಾವುದು ಬದುಕಿನ ರೂಢಿಯಾಗಿ ಬೇರೂರಿದ್ದು ಎಂಬುದನ್ನು ಬೇರ್ಪಡಿಸಿ ನೋಡಲು ಇಷ್ಟು ಅನುಕೂಲವಾದ ಸನ್ನಿವೇಶ ವಿರಳ.

ನಮ್ಮ ವಾದವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಪೂರ್ವ ಜರ್ಮನಿಯು ಮಹಿಳೆಯ ದುಡಿಮೆಯನ್ನು ಸಾಧ್ಯವಾಗಿಸಿತು, ಆದರೆ ಮನೆಯ ಹೊರೆಯನ್ನು ಅವಳ ಹೆಸರಿನಲ್ಲಿಯೇ ಬರೆದಿಟ್ಟಿತು. ಏಕೀಕರಣವು ಮೊದಲನೆಯದನ್ನು ಕಸಿದುಕೊಂಡಿತು, ಎರಡನೆಯದನ್ನು ಹಾಗೆಯೇ ಉಳಿಸಿತು. ಇಷ್ಟಾದರೂ ದುಡಿಯುವುದು ತನ್ನ ಸಹಜ ಹಕ್ಕೆಂಬ ಆ ಮಹಿಳೆಯರ ಭಾವನೆ ರಾಜ್ಯಕ್ಕಿಂತ ದೀರ್ಘಾಯುವಾಯಿತು.

೨

ಪ್ರಶ್ನೆ ಸಮಾಜವಾದಿ ರಾಜ್ಯಕ್ಕಿಂತ ಹಳೆಯದು. ಸ್ಯಾಕ್ಸನಿ ಪ್ರಾಂತ್ಯದ ಕ್ರಿಮ್ಮಿಟ್ಸ್‌ಚೌ ಎಂಬ ಜವಳಿ ಪಟ್ಟಣದಲ್ಲಿ ೧೯೦೩ರ ಆಗಸ್ಟಿನಿಂದ ೧೯೦೪ರ ಜನವರಿಯವರೆಗೆ ಸಾವಿರಾರು ಕಾರ್ಮಿಕರು ಹತ್ತು ಗಂಟೆಯ ದುಡಿಮೆಯ ದಿನಕ್ಕಾಗಿ ಹೋರಾಡಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಕೂಲಿ ಹೆಚ್ಚಿಸಿ ಎಂಬುದಕ್ಕಿಂತ ನಮಗೊಂದು ಗಂಟೆ, ನಮ್ಮ ಸಂಸಾರಕ್ಕೊಂದು ಗಂಟೆ ಬೇಕು ಎಂಬುದು ಅಲ್ಲಿನ ಬೇಡಿಕೆಯ ತಿರುಳಾಗಿತ್ತು. ಹೋರಾಟ ಸೋತಿತು. ಆದರೆ ದುಡಿಯುವ ಹೆಣ್ಣಿನ ಸಮಸ್ಯೆ ಮೂಲತಃ ಹೊತ್ತಿನ ಸಮಸ್ಯೆ ಎಂಬುದು ಅಲ್ಲಿ ಸ್ಪಷ್ಟವಾಗಿತ್ತು. ಮುಂದೆ ಪೂರ್ವ ಜರ್ಮನಿಯಾದದ್ದು ಇದೇ ಪ್ರದೇಶ.

ಜರ್ಮನ್ ಸಮಾಜವಾದಿ ಚಿಂತನೆಯಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿತ್ತು. ಔಗುಸ್ಟ್ ಬೇಬೆಲ್ ಅವರ 'ಮಹಿಳೆ ಮತ್ತು ಸಮಾಜವಾದ' (೧೮೭೯), ಎಂಗೆಲ್ಸರ ಕುಟುಂಬ ಮೂಲವನ್ನು ಕುರಿತ ಗ್ರಂಥ (೧೮೮೪) ಇವೆರಡೂ ಹೇಳುವಂತೆ, ಹೆಣ್ಣು ಸಾಮಾಜಿಕ ಉತ್ಪಾದನೆಯಲ್ಲಿ ಪಾಲ್ಗೊಳ್ಳಬೇಕು. ಅಡುಗೆ, ಬಟ್ಟೆ ಒಗೆತ, ಮಕ್ಕಳ ಪಾಲನೆಗಳನ್ನು ಸಮಾಜ ವಹಿಸಿಕೊಳ್ಳಬೇಕು. ಸಮಾಜ ವಹಿಸಿಕೊಂಡ ಮೇಲೂ ಮನೆಯಲ್ಲಿ ಉಳಿಯುವ ಕೆಲಸವನ್ನು ಗಂಡು ಹೆಣ್ಣುಗಳಲ್ಲಿ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಈ ಚಿಂತನೆ ಹೆಚ್ಚಿನ ಗಮನ ಕೊಡಲಿಲ್ಲ. ಈ ಮೌನ ಮುಂದೆ ಕಾನೂನಿನೊಳಕ್ಕೂ ಇಳಿಯಿತು.

೩

೧೯೪೯ರ ಪೂರ್ವ ಜರ್ಮನ್ ಸಂವಿಧಾನವು ಗಂಡು ಹೆಣ್ಣುಗಳ ಸಮಾನತೆಯನ್ನು ಘೋಷಿಸಿ, ಅದಕ್ಕೆ ವಿರುದ್ಧವಾದ ಕಾನೂನುಗಳನ್ನು ರದ್ದುಗೊಳಿಸಿತು. ೧೯೫೦ರ ಸೆಪ್ಟೆಂಬರಿನಲ್ಲಿ ತಾಯಿ ಮಕ್ಕಳ ರಕ್ಷಣೆ ಹಾಗೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂದಿತು. ಪಶ್ಚಿಮದಲ್ಲಿಯೂ ಸಂವಿಧಾನ ಸಮಾನತೆಯನ್ನು ಘೋಷಿಸಿತ್ತು. ಆದರೆ ಅಲ್ಲಿನ ಕುಟುಂಬ ಕಾನೂನು ೧೯೫೮ರ ತಿದ್ದುಪಡಿಯ ನಂತರವೂ ಹೆಂಡತಿಯ ಉದ್ಯೋಗವನ್ನು 'ದಾಂಪತ್ಯ ಮತ್ತು ಕುಟುಂಬದ ಕರ್ತವ್ಯಗಳಿಗೆ ಹೊಂದುವ ಮಟ್ಟಿಗೆ' ಮಾತ್ರ ಒಪ್ಪಿಕೊಂಡಿತ್ತು. ಆ ಷರತ್ತು ಹೋದದ್ದು ೧೯೭೭ರ ಜುಲೈಯಲ್ಲಿ.

ಪೂರ್ವದ ಈ ವೇಗವನ್ನು ಆದರ್ಶದ ಫಲವೆಂದಷ್ಟೇ ಎಣಿಸುವುದು ಸರಿಯಲ್ಲ. ಯುದ್ಧದಲ್ಲಿ ಗಂಡಸರು ಸತ್ತಿದ್ದರು ಅಥವಾ ಸೆರೆಯಾಗಿದ್ದರು. ೧೯೬೧ರ ಆಗಸ್ಟ್ ೧೩ರಂದು ಬರ್ಲಿನ್ ಗೋಡೆ ಏಳುವ ಮುನ್ನ ೨೫ ಲಕ್ಷಕ್ಕೂ ಹೆಚ್ಚು ಜನ ಪಶ್ಚಿಮಕ್ಕೆ ಹೋಗಿಬಿಟ್ಟಿದ್ದರು. ಕೈಗಳ ಕೊರತೆಯಿದ್ದ ಆರ್ಥಿಕತೆಗೆ ಮಹಿಳೆಯರು ಅನಿವಾರ್ಯವಾಗಿದ್ದರು. ಎಪ್ಪತ್ತರ ದಶಕದಲ್ಲಿ ಜನನ ಪ್ರಮಾಣ ಇಳಿಯತೊಡಗಿದಾಗ ಅದೇ ಮಹಿಳೆಯರು ತಾಯಂದಿರಾಗಿಯೂ ಅನಿವಾರ್ಯವೆನಿಸಿದರು. ದುಡಿಯಬೇಕು, ಹೆರಲೂ ಬೇಕು ಎಂಬ ಈ ಎರಡು ಅಪೇಕ್ಷೆಗಳ ನಡುವೆ ಅಲ್ಲಿನ ಸಾಮಾಜಿಕ ನೀತಿ ರೂಪುಗೊಂಡಿತು.

ಅದರ ಮುಖ್ಯ ಹಂತಗಳನ್ನು ಹೀಗೆ ಗುರುತಿಸಬಹುದು. ೧೯೭೨ರ ಮಾರ್ಚ್ ೯ರ ಕಾಯಿದೆಯು ಗರ್ಭಧಾರಣೆಯ ಮೊದಲ ಹನ್ನೆರಡು ವಾರಗಳಲ್ಲಿ ಗರ್ಭಪಾತದ ನಿರ್ಧಾರವನ್ನು ಮಹಿಳೆಗೇ ಬಿಟ್ಟಿತು. ಅಲ್ಲಿನ ಜನಸಭೆಯಲ್ಲಿ ೧೪ ವಿರೋಧ ಮತಗಳೂ ೮ ತಟಸ್ಥ ಮತಗಳೂ ಬಿದ್ದವು. ಎಲ್ಲವೂ ಸರ್ವಾನುಮತದಿಂದ ಸಾಗುತ್ತಿದ್ದ ಆ ಸಭೆಯಲ್ಲಿ ಹೀಗಾದದ್ದು ಅದೇ ಮೊದಲು. ಅದೇ ವರ್ಷ ೨೬ ವರ್ಷದೊಳಗಿನ ನವದಂಪತಿಗಳಿಗೆ ೫,೦೦೦ ಮಾರ್ಕುಗಳ ಬಡ್ಡಿರಹಿತ ಸಾಲ ದೊರೆಯತೊಡಗಿತು. ಮಗು ಹುಟ್ಟಿದಂತೆಲ್ಲ ಸಾಲದಲ್ಲಿ ಒಂದು ಪಾಲು ಮನ್ನಾ ಆಗುತ್ತಿತ್ತು. ೧೯೭೬ರಲ್ಲಿ ಹೆರಿಗೆ ರಜೆ ಒಟ್ಟು ೨೬ ವಾರಗಳಿಗೆ ಏರಿತು. ಎರಡನೆಯ ಮಗುವಿನಿಂದ ಮುಂದಕ್ಕೆ ಭತ್ಯೆಸಹಿತವಾದ 'ಮಗುವಿನ ವರ್ಷ'ದ ರಜೆಯೂ ಬಂದಿತು. ೧೯೮೬ರಲ್ಲಿ ಅದನ್ನು ಮೊದಲ ಮಗುವಿಗೂ ವಿಸ್ತರಿಸಲಾಯಿತು. ೧೯೮೯ರ ವೇಳೆಗೆ ಮೂರು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು ೮೦ ಮಕ್ಕಳಿಗೆ ಶಿಶುಪಾಲನಾ ಕೇಂದ್ರಗಳಲ್ಲಿ ಸ್ಥಳವಿತ್ತು. ಮೂರರ ಮೇಲಿನವರಲ್ಲಿ ಸುಮಾರು ೯೫ ಮಕ್ಕಳು ಶಿಶುವಿಹಾರಕ್ಕೆ ಹೋಗುತ್ತಿದ್ದರು.

ಮಹಿಳಾ ಉದ್ಯೋಗದ ಪ್ರಮಾಣವನ್ನು ಸಾಮಾನ್ಯವಾಗಿ ನೂರಕ್ಕೆ ೯೧ ಎಂದು ಹೇಳಲಾಗುತ್ತದೆ. ಈ ಅಂಕಿಯನ್ನು ಎಚ್ಚರದಿಂದ ಬಳಸಬೇಕು. ಇದರಲ್ಲಿ ವಿದ್ಯಾರ್ಥಿನಿಯರೂ ವೃತ್ತಿ ತರಬೇತಿಯಲ್ಲಿದ್ದವರೂ ಸೇರಿದ್ದಾರೆ. ಅವರನ್ನು ಬಿಟ್ಟರೆ ಪ್ರಮಾಣ ೭೮ರ ಸುಮಾರಿಗೆ ಇಳಿಯುತ್ತದೆ. ಹಾಗಿದ್ದರೂ ಒಟ್ಟು ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಹಿಳೆಯರಾಗಿದ್ದರು ಎಂಬುದು ನಿರ್ವಿವಾದ.

೪

ಈ ಸೌಲಭ್ಯಗಳ ಸಾಲಿನಲ್ಲಿ ಒಂದು ಚಿಕ್ಕ ನಿಯಮ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ. ಅದು 'ಮನೆಗೆಲಸದ ದಿನ'. ಇದರ ಮೂಲ ೧೯೪೩ರ ಯುದ್ಧಕಾಲದ ಒಂದು ಆಜ್ಞೆಯಲ್ಲಿದೆ: ಯುದ್ಧೋದ್ಯಮದಲ್ಲಿ ದುಡಿಯುತ್ತಿದ್ದ, ಸ್ವಂತ ಮನೆವಾರ್ತೆಯಿದ್ದ ಮಹಿಳೆಯರಿಗೆ ಮನೆಗೆಲಸಕ್ಕಾಗಿ ಬಿಡುವು ಕೊಡಬೇಕೆಂದು ಆಗಿನ ನಾಜಿ ಆಡಳಿತ ವಿಧಿಸಿತ್ತು. ಯುದ್ಧಾನಂತರ ಪಶ್ಚಿಮದ ಕೆಲವು ಪ್ರಾಂತ್ಯಗಳೂ ಪೂರ್ವ ಜರ್ಮನಿಯೂ ಇದನ್ನು ಮುಂದುವರಿಸಿದವು. ಪೂರ್ವ ಜರ್ಮನಿಯಲ್ಲಿ ೧೯೫೨ರಿಂದ ವಿವಾಹಿತ ಮಹಿಳೆಯರಿಗೂ ಚಿಕ್ಕ ಮಕ್ಕಳ ತಾಯಂದಿರಿಗೂ ತಿಂಗಳಿಗೊಂದು ದಿನ ಸಂಬಳಸಹಿತ ರಜೆ ದೊರೆಯಿತು. ೧೯೭೭ರಲ್ಲಿ ಅದು ನಲವತ್ತು ದಾಟಿದ ಅವಿವಾಹಿತೆಯರಿಗೂ ಲಭ್ಯವಾಯಿತು. ಗಂಡಸರಿಗೆ ದೊರೆಯುತ್ತಿದ್ದುದು ಒಂಟಿ ತಂದೆಯಾಗಿದ್ದರೆ ಅಥವಾ ಹೆಂಡತಿ ಕಾಯಿಲೆ ಬಿದ್ದಿದ್ದರೆ ಮಾತ್ರ.

ಬಟ್ಟೆ ಒಗೆಯಲು, ಕಿಟಕಿ ಒರೆಸಲು, ಅಂಗಡಿಯ ಸಾಲಿನಲ್ಲಿ ನಿಲ್ಲಲು ದೊರೆಯುತ್ತಿದ್ದ ಆ ಒಂದು ದಿನ ಮಹಿಳೆಯರಿಗೆ ನಿಜಕ್ಕೂ ಬೇಕಾಗಿತ್ತು. ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಆದರೆ ಆ ನಿಯಮದ ಭಾಷೆಯನ್ನು ಗಮನಿಸಬೇಕು. ಮನೆಗೆಲಸವೆಂಬುದು ದುಡಿಮೆಯೇ, ಅದಕ್ಕೆ ಹೊತ್ತು ಬೇಕು ಎಂದು ಅದು ಒಪ್ಪಿಕೊಳ್ಳುತ್ತದೆ. ಅದೇ ಉಸಿರಿನಲ್ಲಿ ಆ ದುಡಿಮೆ ಹೆಣ್ಣಿನದು ಎಂದೂ ಹೇಳುತ್ತದೆ. ಗಂಡ ಆರೋಗ್ಯವಂತಳಾದ ಹೆಂಡತಿಯನ್ನು ಹೊಂದಿರುವವರೆಗೆ ಅವನಿಗೆ ಆ ದಿನದ ಅಗತ್ಯವಿಲ್ಲ. ೧೯೬೫ರಲ್ಲಿ ಅಂಗೀಕಾರವಾದ ಕುಟುಂಬ ಸಂಹಿತೆಯು ಮಕ್ಕಳ ಪಾಲನೆಯಲ್ಲಿಯೂ ಮನೆವಾರ್ತೆಯಲ್ಲಿಯೂ ಇಬ್ಬರಿಗೂ ಪಾಲಿದೆ ಎಂದು ಸಾರಿತ್ತು. ರಜೆಯ ನಿಯಮಗಳು ಮಾತ್ರ ಬೇರೆಯದನ್ನೇ ನುಡಿಯುತ್ತಿದ್ದವು. ಎರಡು ಅಥವಾ ಹೆಚ್ಚು ಮಕ್ಕಳಿದ್ದವರಿಗೆ ವಾರದ ದುಡಿಮೆಯನ್ನು ೪೦ ಗಂಟೆಗೆ ಇಳಿಸಿದಾಗಲೂ ಅದು ಇಳಿದದ್ದು ತಾಯಿಗೆ. ೧೯೮೬ರ ನಂತರ 'ಮಗುವಿನ ವರ್ಷ'ವನ್ನು ತಂದೆ ಅಥವಾ ಅಜ್ಜಿಯೂ ಪಡೆಯಬಹುದಾಗಿತ್ತು. ಪಡೆದ ತಂದೆಯರು ವಿರಳ.

ಪರಿಣಾಮವಾಗಿ ಉದ್ಯೋಗ ಕ್ಷೇತ್ರದಲ್ಲಿಯೂ ಹೆಣ್ಣು ಎರಡನೆಯ ಸಾಲಿನಲ್ಲಿ ಉಳಿದಳು. ರಜೆ ಹಾಕುವವಳು ಅವಳೇ ಎಂದು ಗೊತ್ತಿದ್ದ ಕಾರ್ಖಾನೆಯ ಆಡಳಿತ ಮೇಲಿನ ಹುದ್ದೆಗೆ ಗಂಡಸನ್ನು ಆರಿಸುತ್ತಿತ್ತು. ಶಿಕ್ಷಣ, ಆರೋಗ್ಯ, ವ್ಯಾಪಾರ, ಜವಳಿ ಕ್ಷೇತ್ರಗಳಲ್ಲಿ ಮಹಿಳೆಯರು ತುಂಬಿದ್ದರು. ಅಲ್ಲಿ ಸಂಬಳವೂ ಕಡಿಮೆಯಿತ್ತು. ಮಾರ್ಗೋಟ್ ಹೊನೆಕರ್ ೧೯೬೩ರಿಂದ ೧೯೮೯ರವರೆಗೆ ಶಿಕ್ಷಣ ಸಚಿವೆಯಾಗಿದ್ದರು, ನಿಜ. ಆದರೆ ಅಧಿಕಾರದ ನಿಜವಾದ ಕೇಂದ್ರವಾಗಿದ್ದ ಪಕ್ಷದ ಪಾಲಿಟ್‌ಬ್ಯೂರೋದಲ್ಲಿ ನಲವತ್ತು ವರ್ಷಗಳುದ್ದಕ್ಕೂ ಒಬ್ಬ ಮಹಿಳೆಯೂ ಪೂರ್ಣ ಸದಸ್ಯೆಯಾಗಲಿಲ್ಲ. ಇಂಗೆ ಲಾಂಗೆ ಮತ್ತು ಮಾರ್ಗರೆಟೆ ಮ್ಯುಲರ್ ದೀರ್ಘಕಾಲ ಮತದಾನದ ಹಕ್ಕಿಲ್ಲದ ಅಭ್ಯರ್ಥಿ ಸದಸ್ಯೆಯರಾಗಿಯೇ ಉಳಿದರು.

ಸರ್ಕಾರಿ ಅಂಕಿಅಂಶಗಳು ಹೇಳದ ಸಂಗತಿಗಳಿಗೆ ನಾವು ಸಾಹಿತ್ಯದ ಕಡೆಗೆ ತಿರುಗಬೇಕಾಗುತ್ತದೆ. ಮಾಕ್ಸಿ ವಾಂಡರ್ ಅವರು ವಿವಿಧ ವಯೋಮಾನದ ಮಹಿಳೆಯರನ್ನು ಮಾತನಾಡಿಸಿ ಸಿದ್ಧಪಡಿಸಿದ, ೧೯೭೭ರಲ್ಲಿ ಪ್ರಕಟವಾದ ಸಂದರ್ಶನಗಳ ಸಂಕಲನ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಅಪಾರ ಓದುಗರನ್ನು ಪಡೆಯಿತು. ತಮ್ಮ ದುಡಿಮೆಯ ಬಗ್ಗೆ ಅಭಿಮಾನ, ತಮ್ಮ ದಣಿವಿನ ಬಗ್ಗೆ ನೇರ ಮಾತು, ಇವೆರಡೂ ಅಲ್ಲಿ ಒಂದೇ ಬಾಯಲ್ಲಿ ಬರುತ್ತವೆ. ವಿಚ್ಛೇದನದ ಅರ್ಜಿಗಳಲ್ಲಿ ಬಹುಪಾಲು ಹೆಂಡತಿಯರಿಂದಲೇ ಬರುತ್ತಿದ್ದವು. ೧೯೮೯ರಲ್ಲಿ ಹುಟ್ಟಿದ ಮಕ್ಕಳಲ್ಲಿ ಮೂರನೆಯ ಒಂದು ಭಾಗದಷ್ಟು ಅವಿವಾಹಿತ ತಾಯಂದಿರ ಮಕ್ಕಳು. ತನ್ನದೇ ಸಂಬಳ, ಮಗುವಿಗೆ ಖಚಿತವಾದ ಸ್ಥಳ ಇವೆರಡೂ ಇದ್ದ ಹೆಣ್ಣು ಬೇಡವಾದ ದಾಂಪತ್ಯದಲ್ಲಿ ಉಳಿಯಬೇಕಾಗಿರಲಿಲ್ಲ ಎಂಬುದನ್ನು ಈ ಅಂಶಗಳು ತಿಳಿಸುತ್ತವೆ.

೫

೧೯೮೯ರ ನವೆಂಬರಿನಲ್ಲಿ ಗೋಡೆ ಬಿದ್ದಿತು. ಡಿಸೆಂಬರ್ ೩ರಂದು ಬರ್ಲಿನ್ನಿನ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ಸೇರಿದ ಮಹಿಳೆಯರು ಸ್ವತಂತ್ರ ಮಹಿಳಾ ಒಕ್ಕೂಟವನ್ನು ಕಟ್ಟಿದರು. ಮಹಿಳೆಯರಿಲ್ಲದೆ ರಾಜ್ಯವಿಲ್ಲ ಎಂಬುದು ಅವರ ಘೋಷಣೆಯ ಸಾರ. ಹಳೆಯ ಆಡಳಿತವೂ ವಿರೋಧಿ ಗುಂಪುಗಳೂ ಒಟ್ಟಿಗೆ ಕುಳಿತ 'ದುಂಡುಮೇಜಿನ' ಸಭೆಯಲ್ಲಿ ಒಕ್ಕೂಟಕ್ಕೆ ಸ್ಥಾನ ದೊರೆಯಿತು. ೧೯೯೦ರ ಫೆಬ್ರವರಿಯಲ್ಲಿ ಅದರ ಪ್ರತಿನಿಧಿ ತಾತ್ಯಾನಾ ಬ್ಯೋಮ್ ಅವರು ಹಾನ್ಸ್ ಮೊಡ್ರೊ ಸರ್ಕಾರದಲ್ಲಿ ಖಾತೆಯಿಲ್ಲದ ಸಚಿವೆಯಾದರು. ದುಡಿಮೆಯ ಹಕ್ಕು, ಶಿಶುಪಾಲನೆ, ವಸತಿ ಇವುಗಳನ್ನು ಏಕೀಕರಣದ ಮಾತುಕತೆಯಲ್ಲಿ ಉಳಿಸಿಕೊಳ್ಳಬೇಕೆಂಬುದು ಅವರ ಪ್ರಯತ್ನವಾಗಿತ್ತು. ಆದರೆ ಮಾರ್ಚ್ ೧೮ರ ಚುನಾವಣೆಯಲ್ಲಿ ಹಸಿರು ಪಕ್ಷದೊಡನೆ ಕೂಡಿ ಸ್ಪರ್ಧಿಸಿದ ಒಕ್ಕೂಟಕ್ಕೆ ದಕ್ಕಿದ್ದು ನೂರಕ್ಕೆ ಎರಡರಷ್ಟು ಮತ. ಆ ಮೈತ್ರಿ ಗೆದ್ದ ಎಂಟೂ ಸ್ಥಾನಗಳು ಹಸಿರು ಪಕ್ಷಕ್ಕೇ ಹೋದವು. ಹೊಸ ಚರ್ಚೆಯ ಹೊತ್ತಿಗೆ ಮಹಿಳಾ ಒಕ್ಕೂಟದ ಸದಸ್ಯೆಯರು ಸಭೆಯ ಹೊರಗಿದ್ದರು.

ಏಕೀಕರಣ ಒಪ್ಪಂದದ ೩೧ನೆಯ ವಿಧಿ ಈ ವಿಷಯಕ್ಕೇ ಮೀಸಲು. ತಾಯಿ ತಂದೆಯರ ಭಿನ್ನ ಸ್ಥಿತಿಗತಿಗಳನ್ನು ಗಮನಿಸಿ, ಕುಟುಂಬ ಮತ್ತು ಉದ್ಯೋಗ ಹೊಂದಿಕೊಳ್ಳುವಂತೆ ಮುಂದೆ ಕಾನೂನು ರೂಪಿಸಬೇಕು ಎಂದು ಅದು ಸೂಚಿಸಿತು. ಪೂರ್ವದ ಶಿಶುಪಾಲನಾ ಕೇಂದ್ರಗಳ ವೆಚ್ಚದಲ್ಲಿ ಕೇಂದ್ರ ಸರ್ಕಾರ ೧೯೯೧ರ ಜೂನ್ ೩೦ರವರೆಗೆ ಪಾಲು ವಹಿಸುವುದೆಂದೂ ಒಪ್ಪಿಕೊಂಡಿತು. ನಾಲ್ಕು ದಶಕಗಳ ವ್ಯವಸ್ಥೆಗೆ ದೊರೆತ ಈ ಆಶ್ವಾಸನೆ ಒಂಬತ್ತು ತಿಂಗಳಿನದು.

೬

ಆಮೇಲೆ ನಡೆದುದನ್ನು ಅರ್ಥಮಾಡಿಕೊಳ್ಳಲು ಪೂರ್ವ ಜರ್ಮನಿಯ ಕಾರ್ಖಾನೆಯ ಸ್ವರೂಪವನ್ನು ನೆನಪಿನಲ್ಲಿಡಬೇಕು. ದೊಡ್ಡ ಉದ್ಯಮವೆಂದರೆ ಸಂಬಳ ಕೊಡುವ ಸ್ಥಳ ಮಾತ್ರವಲ್ಲ. ಊಟದ ಮನೆ, ಚಿಕಿತ್ಸಾಲಯ, ಶಿಶುಪಾಲನಾ ಕೇಂದ್ರ, ಮಕ್ಕಳ ಬೇಸಿಗೆ ಶಿಬಿರ ಇವೆಲ್ಲವೂ ಅದರ ಆಶ್ರಯದಲ್ಲಿ ನಡೆಯುತ್ತಿದ್ದವು. ೧೯೯೦ರ ಜುಲೈ ೧ರಂದು ಪಶ್ಚಿಮದ ಮಾರ್ಕು ಜಾರಿಗೆ ಬಂದೊಡನೆ ಈ ಉದ್ಯಮಗಳು ಮಾರುಕಟ್ಟೆಯ ಸ್ಪರ್ಧೆಗೆ ಈಡಾದವು. ಸುಮಾರು ೪೦ ಲಕ್ಷ ನೌಕರರಿದ್ದ ಸಾವಿರಾರು ಉದ್ಯಮಗಳನ್ನು ವಹಿಸಿಕೊಂಡ ಟ್ರಾಯ್‌ಹಾಂಡ್ ಸಂಸ್ಥೆ ೧೯೯೪ರ ಕೊನೆಯ ಹೊತ್ತಿಗೆ ಅವುಗಳನ್ನು ಮಾರಿತ್ತು ಅಥವಾ ಮುಚ್ಚಿತ್ತು. ಮಹಿಳೆಯರೇ ಹೆಚ್ಚಾಗಿದ್ದ ಜವಳಿ ಗಿರಣಿಗಳು ಮೊದಲಿಗೇ ನೆಲಕಚ್ಚಿದವು. ಗಿರಣಿ ಮುಚ್ಚಿದಾಗ ತಾಯಿಯ ಕೆಲಸದೊಡನೆ ಮಗುವಿನ ಕೇಂದ್ರವೂ ಹೋಗುತ್ತಿತ್ತು. ಬೇರೆ ಕೆಲಸ ಹುಡುಕಲು ಹೊರಟವಳಿಗೆ ಮಗುವನ್ನು ಎಲ್ಲಿ ಬಿಡುತ್ತೀಯೆ ಎಂಬ ಪ್ರಶ್ನೆ ಎದುರಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪೂರ್ವದ ನಿರುದ್ಯೋಗಿಗಳಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಮಹಿಳೆಯರಾಗಿದ್ದರು. ಇದೇ ಹೊತ್ತಿಗೆ ಪಶ್ಚಿಮದ ಕುಟುಂಬ ನೀತಿಯೂ ಬಂದಿತು. ೧೯೫೮ರಿಂದ ಜಾರಿಯಲ್ಲಿದ್ದ ಆದಾಯ ತೆರಿಗೆ ಪದ್ಧತಿಯಲ್ಲಿ ದಂಪತಿಗಳ ವರಮಾನವನ್ನು ಕೂಡಿಸಿ, ಸಮನಾಗಿ ಭಾಗಿಸಿ ತೆರಿಗೆ ಹಾಕುತ್ತಾರೆ. ಒಬ್ಬರು ಹೆಚ್ಚು ಗಳಿಸಿ ಇನ್ನೊಬ್ಬರು ಮನೆಯಲ್ಲಿದ್ದರೆ ಲಾಭ ಹೆಚ್ಚು. ಇಬ್ಬರೂ ಸಮನಾಗಿ ಗಳಿಸಿದರೆ ಲಾಭವೇ ಇಲ್ಲ. ಮಧ್ಯಾಹ್ನದ ವೇಳೆಗೆ ಮುಗಿಯುವ ಶಾಲೆ ಪಶ್ಚಿಮದ ರೂಢಿ. ಮಗು ಊಟಕ್ಕೆ ಬರುವಾಗ ತಾಯಿ ಮನೆಯಲ್ಲಿರುತ್ತಾಳೆ ಎಂಬುದು ಅದರ ಹಿಂದಿನ ನಂಬಿಕೆ. ಹೀಗೆ ಹೆಣ್ಣು ಮನೆಯಲ್ಲಿರುತ್ತಾಳೆಂದು ಎಣಿಸಿ ಕಟ್ಟಿದ ವ್ಯವಸ್ಥೆಯೊಳಕ್ಕೆ, ಹೆಣ್ಣು ದುಡಿಯುತ್ತಾಳೆಂದು ಎಣಿಸಿ ಬೆಳೆದ ಸಮಾಜವೊಂದು ಪ್ರವೇಶಿಸಬೇಕಾಯಿತು.

ಪೂರ್ವದ ಮಹಿಳೆಯರು ಇದಕ್ಕೆ ಕೊಟ್ಟ ಉತ್ತರ ಗಮನಾರ್ಹ. ಅವರು ಮನೆಗೆ ಮರಳಲಿಲ್ಲ. ಕೆಲಸ ಹುಡುಕುವುದನ್ನು ಬಿಡಲಿಲ್ಲ. ಉದ್ಯೋಗ ಕಚೇರಿಯಲ್ಲಿ ಹೆಸರು ಉಳಿಸಿಕೊಂಡರು, ಮರುತರಬೇತಿ ಪಡೆದರು, ಪಶ್ಚಿಮಕ್ಕೆ ಹೋದರು. ಅವರ ಈ 'ಅತಿಯಾದ ಉದ್ಯೋಗಾಸಕ್ತಿ'ಯೇ ನಿರುದ್ಯೋಗದ ಅಂಕಿ ಏರಲು ಕಾರಣವೆಂದು ಆಕ್ಷೇಪಿಸಿದವರೂ ಆಗ ಇದ್ದರು. ಗಂಡಸು ಕೆಲಸ ಹುಡುಕಿದರೆ ಅದಕ್ಕೆ ಯಾರೂ ಆಸಕ್ತಿ ಎಂಬ ಹೆಸರಿಡುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಅವರು ಬಿಟ್ಟದ್ದು ಬೇರೊಂದನ್ನು. ೧೯೮೯ರಲ್ಲಿ ಪೂರ್ವ ಜರ್ಮನಿಯಲ್ಲಿ ಸುಮಾರು ೧ ಲಕ್ಷ ೯೯ ಸಾವಿರ ಮಕ್ಕಳು ಹುಟ್ಟಿದ್ದರು. ೧೯೯೪ರಲ್ಲಿ ಅದೇ ಪ್ರದೇಶದಲ್ಲಿ ಹುಟ್ಟಿದವರು ಸುಮಾರು ೭೯ ಸಾವಿರ. ಆ ವರ್ಷದ ಪ್ರಮಾಣದಂತೆ ಒಬ್ಬ ಮಹಿಳೆಗೆ ಸರಾಸರಿ ೦.೭೭ ಮಗು. ಶಾಂತಿಕಾಲದಲ್ಲಿ ಇಷ್ಟು ಕಡಿದಾದ ಇಳಿತ ಅಪರೂಪ. ತರುಣಿಯರ ವಲಸೆಯೂ, ಹೆರಿಗೆಯನ್ನು ಪಶ್ಚಿಮದ ರೀತಿಯಲ್ಲಿ ತಡವಾದ ವಯಸ್ಸಿಗೆ ಮುಂದೂಡಿದ್ದೂ ಇದಕ್ಕೆ ಕಾರಣಗಳೇ. ಆದರೆ ಕೆಲಸ, ಮಗು ಎರಡೂ ಒಟ್ಟಿಗೆ ಸಾಧ್ಯವಿಲ್ಲವೆಂದಾದಾಗ ಅವರು ಕೆಲಸವನ್ನು ಹಿಡಿದುಕೊಂಡು ಮಗುವನ್ನು ಮುಂದಕ್ಕೆ ಹಾಕಿದರು ಎಂಬುದನ್ನು ಅಲ್ಲಗಳೆಯಲಾಗದು. ಹೊಸ ವ್ಯವಸ್ಥೆ ಅವರಿಂದ ನಿರೀಕ್ಷಿಸಿದ್ದು ಇದರ ವಿಲೋಮವನ್ನು.

ಎಲ್ಲರಿಗೂ ಇಂಥ ಆಯ್ಕೆ ಇರಲಿಲ್ಲ. ೧೯೯೨ಕ್ಕೆ ಮೊದಲು ಪೂರ್ವದಲ್ಲಿ ವಿಚ್ಛೇದನ ಪಡೆದಿದ್ದ ಮಹಿಳೆಯರ ಪಾಡು ಇದಕ್ಕೆ ಸಾಕ್ಷಿ. ಮಕ್ಕಳಿಗಾಗಿ ಕೆಲಕಾಲ ಕೆಲಸ ಬಿಟ್ಟವರ ಅಥವಾ ಅರೆವೇಳೆ ದುಡಿದವರ ನಿವೃತ್ತಿ ವೇತನವನ್ನು ಹಳೆಯ ನಿಯಮಗಳು ಒಂದು ಮಟ್ಟಿಗೆ ಕಾಪಾಡುತ್ತಿದ್ದವು. ಪಶ್ಚಿಮದ ಲೆಕ್ಕದಲ್ಲಿ ಅವು ಗಣನೆಗೆ ಬರಲಿಲ್ಲ. ಮಾಜಿ ಗಂಡನ ನಿವೃತ್ತಿ ಹಕ್ಕಿನಲ್ಲಿ ಪಾಲು ಕೊಡುವ ಪಶ್ಚಿಮದ ನಿಯಮವೂ ಇವರಿಗೆ ಅನ್ವಯಿಸಲಿಲ್ಲ. ಎರಡು ವ್ಯವಸ್ಥೆಗಳ ನಡುವಿನ ಬಿರುಕಿನಲ್ಲಿ ಇವರ ಮುಪ್ಪು ಕಳೆಯಿತು. ೨೦೧೭ರಲ್ಲಿ ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಸಮಿತಿ ಇವರಿಗೆ ಪರಿಹಾರ ನೀಡಬೇಕೆಂದು ಜರ್ಮನಿಗೆ ಶಿಫಾರಸು ಮಾಡಿತು. ೨೦೨೨ರಲ್ಲಿ ನಿರ್ಧಾರವಾದ ಸಂಕಷ್ಟ ನಿಧಿಯಿಂದ, ಅತಿ ಕಡಿಮೆ ಪಿಂಚಣಿಯಿದ್ದವರಿಗೆ ಮಾತ್ರ, ಒಮ್ಮೆ ಕೊಡುವ ೨,೫೦೦ ಯೂರೋ ಗೊತ್ತಾಯಿತು. ಆ ವೇಳೆಗೆ ಅನೇಕರು ತೀರಿಕೊಂಡಿದ್ದರು.

೭

ಏಕೀಕರಣದಿಂದ ಪೂರ್ವ ಮಾತ್ರ ಬದಲಾಯಿತೆಂದು ಭಾವಿಸುವುದು ಅಪೂರ್ಣ ಚರಿತ್ರೆಯಾದೀತು. ೧೯೯೬ರಲ್ಲಿ ಮೂರು ವರ್ಷದ ಮಗುವಿಗೆ ಶಿಶುವಿಹಾರದ ಸ್ಥಳ ಇಡೀ ಜರ್ಮನಿಯಲ್ಲಿ ಕಾನೂನುಬದ್ಧ ಹಕ್ಕಾಯಿತು. ೨೦೧೩ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಮಗುವಿಗೂ ಆ ಹಕ್ಕು ಬಂದಿತು. ೨೦೦೭ರ ಜನವರಿಯಿಂದ ಹೆತ್ತವರ ಭತ್ಯೆ ಜಾರಿಗೆ ಬಂದು, ಮಗುವಿಗಾಗಿ ಮನೆಯಲ್ಲಿರುವವರಿಗೆ ನಿವ್ವಳ ವರಮಾನದ ಸುಮಾರು ಮೂರನೆಯ ಎರಡು ಭಾಗ ದೊರೆಯತೊಡಗಿತು. ಪೂರ್ವದವರಿಗೆ ಇದರಲ್ಲಿ 'ಮಗುವಿನ ವರ್ಷ'ದ ನೆರಳು ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಂದು ವ್ಯತ್ಯಾಸವಿದೆ, ಅದು ನಮ್ಮ ವಾದಕ್ಕೆ ಮುಖ್ಯವಾದುದು. ಹದಿನಾಲ್ಕು ತಿಂಗಳ ಈ ಭತ್ಯೆಯಲ್ಲಿ ಒಬ್ಬರೇ ಹನ್ನೆರಡಕ್ಕಿಂತ ಹೆಚ್ಚು ತಿಂಗಳು ಪಡೆಯುವಂತಿಲ್ಲ ಎಂಬುದು ಅದರ ಸಾಮಾನ್ಯ ನಿಯಮ. ಉಳಿದೆರಡನ್ನು ಸಂಗಾತಿ ಪಡೆಯಬೇಕು, ಇಲ್ಲವೇ ಕಳೆದುಕೊಳ್ಳಬೇಕು. ಮನೆಗೆಲಸದ ದಿನದ ನಿಯಮ ಮನೆಯನ್ನು ಹೆಣ್ಣಿನ ಹೆಸರಿಗೆ ಬರೆದಿತ್ತು. ಈ ನಿಯಮ ಎರಡು ತಿಂಗಳ ಮಟ್ಟಿಗಾದರೂ ಗಂಡಿನ ಹೆಸರನ್ನೂ ಬರೆಯಿತು. ಈಚಿನ ವರ್ಷಗಳಲ್ಲಿ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ತಂದೆಯರು ಇದನ್ನು ಪಡೆಯುತ್ತಿದ್ದಾರೆ, ಬಹುಮಂದಿ ಆ ಎರಡೇ ತಿಂಗಳು. ಸಾಧನೆ ಚಿಕ್ಕದು, ಆದರೆ ದಿಕ್ಕು ಬೇರೆ. ಮನೆಗೆಲಸದ ದಿನವಾದರೋ ೧೯೯೪ರ ದುಡಿಮೆಯ ವೇಳೆಯ ಕಾಯಿದೆಯ ಹೊತ್ತಿಗೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಚರಿತ್ರೆಗೆ ಸೇರಿತ್ತು.

ಪೂರ್ವ ಪಶ್ಚಿಮಗಳ ಅಂತರ ಇನ್ನೂ ಅಳಿದಿಲ್ಲ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಪೂರ್ವದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಾಲನಾ ಕೇಂದ್ರಗಳಿಗೆ ಹೋಗುತ್ತಾರೆ. ಪಶ್ಚಿಮದಲ್ಲಿ ಮೂರನೆಯ ಒಂದು ಭಾಗದಷ್ಟು. ೨೦೨೩ರಲ್ಲಿ ಗಂಡು ಹೆಣ್ಣುಗಳ ಗಂಟೆಯ ಸಂಬಳದ ಅಂತರ ಪಶ್ಚಿಮದಲ್ಲಿ ನೂರಕ್ಕೆ ೧೯, ಪೂರ್ವದಲ್ಲಿ ೭. ಪೂರ್ವದಲ್ಲಿ ಗಂಡಸರ ಸಂಬಳವೂ ಕಡಿಮೆ ಎಂಬುದು ಇದಕ್ಕೆ ಒಂದು ಕಾರಣ. ಆದರೂ ತಾಯಂದಿರ ಪೂರ್ಣಾವಧಿ ದುಡಿಮೆಯನ್ನು ಸಹಜವೆಂದು ಎಣಿಸುವ ರೂಢಿಯ ಪಾಲನ್ನು ಮರೆಯುವಂತಿಲ್ಲ. ಗೋಡೆ ಬಿದ್ದಾಗ ಹುಟ್ಟಿಯೇ ಇರದಿದ್ದ ತರುಣಿಯರಲ್ಲಿಯೂ ಆ ರೂಢಿ ಮುಂದುವರಿದಿದೆ.

೮

ಕರ್ನಾಟಕದ ಹೊರಗೆ ನೆಲಸಿ ಅಧ್ಯಯನ ನಡೆಸುವ ನಮಗೆ ಈ ಚರಿತ್ರೆ ದೂರದ್ದೆಂದು ತೋರಬಹುದು. ಆದರೆ ಭಾರತದಲ್ಲಿ ೨೦೧೭ರ ತಿದ್ದುಪಡಿಯು ಹೆರಿಗೆ ರಜೆಯನ್ನು ೧೨ರಿಂದ ೨೬ ವಾರಗಳಿಗೆ ಏರಿಸಿತು. ಪೂರ್ವ ಜರ್ಮನಿ ೧೯೭೬ರಲ್ಲಿ ತಲಪಿದ್ದು ಇದೇ ಸಂಖ್ಯೆಯನ್ನು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದೂ ಆ ತಿದ್ದುಪಡಿ ವಿಧಿಸಿತು. ತಂದೆಗೆ ಅದು ಒಂದು ದಿನವನ್ನೂ ಕೊಡಲಿಲ್ಲ. ರಜೆಯ ಅವಧಿಯ ಸಂಬಳದ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿತು. ರಜೆ ಹಾಕುವವಳು ಅವಳೇ ಎಂದು ಗೊತ್ತಿರುವ ಮಾಲೀಕ ಯಾರನ್ನು ಆರಿಸಿಯಾನು ಎಂಬ ಪ್ರಶ್ನೆಗೆ ಪೂರ್ವ ಜರ್ಮನಿಯ ಅನುಭವದಲ್ಲಿ ಉತ್ತರವಿದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಅಜ್ಜಿಯ ನೆರವಿಲ್ಲದೆ ಸಂಸಾರ ಹೂಡಿರುವ ಕನ್ನಡದ ಉದ್ಯೋಗಸ್ಥ ಮಹಿಳೆಯರ ಬದುಕನ್ನು ಅಧ್ಯಯನ ಮಾಡುವವರು ಈ ಪ್ರಶ್ನೆಯನ್ನು ಬದಿಗಿಡುವಂತಿಲ್ಲ.

ಸೌಲಭ್ಯಗಳನ್ನು ಎಣಿಸುವುದು ಸುಲಭ. ಅವು ಯಾರ ಹೆಸರಿನಲ್ಲಿವೆ ಎಂದು ನೋಡುವುದು ಅಗತ್ಯ. ಪೂರ್ವ ಜರ್ಮನಿಯ ಮಹಿಳೆಯರು ಎರಡು ರಾಜ್ಯಗಳನ್ನು ಕಂಡರು. ಒಂದು ಅವರಿಗೆ ಕೆಲಸವನ್ನೂ ಮಗುವಿಗೆ ಸ್ಥಳವನ್ನೂ ಕೊಟ್ಟು, ಮನೆಯನ್ನು ಅವರಿಗೇ ಬಿಟ್ಟಿತು. ಇನ್ನೊಂದು ಆಯ್ಕೆಯ ಸ್ವಾತಂತ್ರ್ಯವಿದೆ ಎಂದು ಹೇಳಿ, ಆಯ್ಕೆಗೆ ಬೇಕಾದ ಆಧಾರಗಳನ್ನು ತೆಗೆದುಕೊಂಡಿತು. ಎರಡರ ನಡುವೆಯೂ ಅವರು ಬಿಡದೆ ಹಿಡಿದುಕೊಂಡದ್ದು ತಮ್ಮ ದುಡಿಮೆಯನ್ನು. ಕ್ರಿಮ್ಮಿಟ್ಸ್‌ಚೌನ ನೇಕಾರ್ತಿಯರು ಕೇಳಿದ ಆ ಒಂದು ಗಂಟೆ ಇನ್ನೂ ಪೂರ್ತಿಯಾಗಿ ಸಂದಾಯವಾಗಿಲ್ಲ. ಅದು ಸಂದಾಯವಾಗಬೇಕಾದರೆ ಕಾರ್ಖಾನೆಯ ಹೊತ್ತು ಕಡಿಮೆಯಾದರೆ ಸಾಲದು. ಮನೆಯ ಹೊತ್ತು ಇಬ್ಬರ ನಡುವೆ ಹಂಚಿಕೆಯಾಗಬೇಕು ಎಂಬುದು ಈ ಚರಿತ್ರೆಯಿಂದ ನಾವು ತಲಪುವ ನಿಲುವು.